‘ನೋಡೋಣ’ ಅಂದರೆ ಹೌದಾ, ಇಲ್ವಾ? ಆಟಿಸಂ ಇರುವ ತಮ್ಮನ ಕೆಲಸದ ಬಗ್ಗೆ ಸಲಹೆ ಬೇಕು

ವಿದ್ಯಾನಗರದ ಅಕ್ಕ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಅಂಗಡಿ, ಆಫೀಸು ನಡೆಸುವವರು ಇಲ್ಲಿ ಜಾಸ್ತಿ ಇದ್ದೀರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನನ್ನ ತಮ್ಮನಿಗೆ 27 ವರ್ಷ. ಆಟಿಸಂ ಇದೆ, ಅಂದರೆ ಮಾತು, ಸದ್ದು, ಜನರ ಒಡನಾಟ ಇವನ್ನೆಲ್ಲ ಅವನ ಮಿದುಳು ಬೇರೆ ರೀತಿ ಗ್ರಹಿಸುತ್ತದೆ. ಬಿ.ಕಾಂ. ಮುಗಿಸಿದ್ದಾನೆ. ಎ.ಪಿ.ಎಂ.ಸಿ. ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ಮೂರು ವರ್ಷ ಲೆಕ್ಕ ಬರೆದ. ಮೆಕ್ಕೆಜೋಳದ ವ್ಯಾಪಾರ. ಮೂರು ವರ್ಷದಲ್ಲಿ ಒಂದು ದಿನವೂ ತಡವಾಗಿ ಹೋಗಿಲ್ಲ. ಚೀಲದ ಲೆಕ್ಕಕ್ಕೂ ತೂಕದ ಚೀಟಿಗೂ ತಾಳೆ ಆಗದಿದ್ದರೆ ಮೊದಲು ಹಿಡಿಯುತ್ತಿದ್ದವನು ಅವನೇ. ಒಂದು ಸಲ ಒಬ್ಬ ರೈತರ ಬಿಲ್ಲಿನಲ್ಲಿ ಎರಡು ಕ್ವಿಂಟಾಲ್ ಬಿಟ್ಟುಹೋಗಿತ್ತು. ಅವರು ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಹುಡುಗನನ್ನು ಓಡಿಸಿ ವಾಪಸ್ ಕರೆಸಿದರು.

ಇದೆಲ್ಲ ನಡೆದದ್ದು ಅಲ್ಲಿದ್ದ ಹಳೆಯ ಗುಮಾಸ್ತರಿಂದ. ಅವರು ಯಾವ ಪುಸ್ತಕವನ್ನೂ ಓದಿ ಕಲಿತವರಲ್ಲ. ಒಂದು ವಾರ ಸುಮ್ನೆ ಇವನನ್ನು ಗಮನಿಸಿದರು, ಅಷ್ಟೇ. ಆಮೇಲೆ ಚೀಟಿಗಳನ್ನೆಲ್ಲ ಬಂದ ಕ್ರಮದಲ್ಲಿ ತಂತಿಗೆ ಚುಚ್ಚಿ ಇವನ ಎಡಗೈ ಪಕ್ಕ ನೇತುಹಾಕಿದರು. ಕೆಳಗಿನಿಂದ ಒಂದೊಂದೇ ತೆಗೆಯಬೇಕು. ಬೆಳಗ್ಗೆ 11ರಿಂದ 1ರವರೆಗೆ ಇವನನ್ನು ಯಾರೂ ಮಾತಾಡಿಸಬಾರದು. ಫೋನ್ ಇವನದ್ದಲ್ಲ. ಊಟ ಒಂದೂವರೆಗೆ, ಗಿರಾಕಿ ಇರಲಿ ಬಿಡಲಿ. ಟೆಂಡರ್ ಮುಗಿದು ಹಮಾಲರ ಗಲಾಟೆ ಶುರುವಾದರೆ ಹಿಂದಿನ ಗೋಡೌನಿನ ಕೋಣೆಗೆ ಹೋಗಿ ಕೂರಬಹುದು.

ಹೋದ ವರ್ಷ ಅವರು ವಯಸ್ಸಾಯ್ತು ಅಂತ ಕೆಲಸ ಬಿಟ್ಟರು. ಹೊಸ ಮ್ಯಾನೇಜರ್ ಬಂದರು. ಕೆಟ್ಟವರೇನಲ್ಲ. ಆದರೆ ಮೊದಲ ದಿನವೇ ತಂತಿ ತೆಗೆದರು, ಚೀಟಿಗಳನ್ನು ಮೇಜಿನ ಮೇಲೆ ರಾಶಿ ಹಾಕಿದರು. ಫೋನೂ ಕೊಟ್ಟರು. ‘ಆ ಪಾರ್ಟಿದು ಸ್ವಲ್ಪ ನೋಡಿಬಿಡು’ ಅನ್ನುತ್ತಿದ್ದರು. ಸ್ವಲ್ಪ ಅಂದರೆ ಎಷ್ಟು? ನೋಡುವುದು ಅಂದರೆ ಕೂಡಿಸಿ ನೋಡುವುದಾ, ದುಡ್ಡು ಬಂತಾ ಅಂತ ನೋಡುವುದಾ? ತಮ್ಮ ಕೇಳುತ್ತಿದ್ದ. ಎದುರು ಮಾತಾಡುತ್ತಾನೆ ಅಂತ ಅವರಿಗೆ ಅನಿಸಿತು. ಸೀಸನ್ ಜೋರಾಗಿದ್ದ ನವೆಂಬರಿನಲ್ಲಿ ಒಂದು ದಿನ ಇವನು ಎರಡೂ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಕೂತುಬಿಟ್ಟ. ನಾಳೆಯಿಂದ ಬರಬೇಡ ಅಂದರು.

ಈಗ ಎಂಟು ತಿಂಗಳು ಮನೆಯಲ್ಲಿದ್ದಾನೆ. ಔಷಧಿ ಸಗಟು ವ್ಯಾಪಾರದವರೊಬ್ಬರು ಅಪ್ಪನ ಪರಿಚಯ. ಕರೆದುಕೊಂಡು ಬನ್ನಿ ಅಂದಿದ್ದಾರೆ. ನನ್ನ ಪ್ರಶ್ನೆ ಎರಡು. ಆಟಿಸಂ ಅಂತ ಮೊದಲೇ ಹೇಳಬೇಕಾ? ಹೇಳಿದರೆ ಏನೇನು ಕೇಳಬಹುದು, ಎಷ್ಟು ಕೇಳಿದರೆ ಜಾಸ್ತಿ ಆಗುತ್ತದೆ?

ಅಚ್ಚುಮೊಳೆ

ಅಕ್ಕಾ, ನಾನು ಅಶೋಕ ರಸ್ತೆ ಕಡೆ ಪ್ರಿಂಟಿಂಗ್ ಪ್ರೆಸ್ ನಡೆಸುತ್ತೇನೆ. ಎಂಟು ಜನ ಇದ್ದೇವೆ. ಮಾಲೀಕನ ಕಡೆಯಿಂದ ಎರಡು ಮಾತು ಹೇಳುತ್ತೇನೆ.

ನಮ್ಮಲ್ಲಿ ಮಷೀನ್ ನಡೆಸುವ ಹುಡುಗನಿಗೆ ಓದು ಕಷ್ಟ. ಎಸ್.ಎಸ್.ಎಲ್.ಸಿ. ಮೂರು ಸಲ ಬರೆದ. ಡಿಸ್ಲೆಕ್ಸಿಯಾ ಅಂತ ಆಮೇಲೆ ಗೊತ್ತಾಯ್ತು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಓದಲು ಬಾರದವನಾ ಅಂತ ಎಲ್ಲರೂ ನಕ್ಕರು. ಆದರೆ ಬಣ್ಣದ ವಿಷಯಕ್ಕೆ ಬಂದರೆ ಅವನಷ್ಟು ಕಣ್ಣು ಈ ಊರಿನಲ್ಲಿ ಯಾರಿಗೂ ಇಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಲಗ್ನಪತ್ರಿಕೆಯ ಕೆಂಪು ಒಂದು ಕೂದಲಷ್ಟು ಮಂಕಾದರೂ ಮಷೀನ್ ನಿಲ್ಲಿಸುತ್ತಾನೆ.

ನಾನು ಮಾಡಿದ್ದು ಇಷ್ಟೇ. ಜಾಬ್ ಕಾರ್ಡಿನಲ್ಲಿ ಮೊದಲು ಎಲ್ಲವನ್ನೂ ಬರೆದು ಕೊಡುತ್ತಿದ್ದೆ. ಈಗ ಕಾಗದದ ಒಂದು ಚೂರು, ಬಣ್ಣದ ಒಂದು ಚೂರು ಅಂಟಿಸಿ, ಎಷ್ಟು ಪ್ರತಿ ಅಂತ ಅಂಕಿ ದೊಡ್ಡದಾಗಿ ಬರೆದು ಕೊಡುತ್ತೇನೆ. ಉಳಿದದ್ದನ್ನು ವಾಟ್ಸಾಪಿನಲ್ಲಿ ಮಾತಾಡಿ ಕಳಿಸುತ್ತೇನೆ. ಅವನು ಎರಡು ಸಲ ಕೇಳಿಸಿಕೊಳ್ಳುತ್ತಾನೆ. ಪ್ರೂಫ್ ನೋಡುವವರು ಬೇರೆ. ಇದಕ್ಕೆ ನನಗೆ ಖರ್ಚಾಗಿದ್ದು ಗೋಂದು ಮಾತ್ರ. ಇನ್ನೊಂದು ಲಾಭವೂ ಆಯ್ತು. ಉಳಿದ ಹುಡುಗರೂ ಅದೇ ಕಾರ್ಡ್ ಕೇಳಲು ಶುರುಮಾಡಿದರು. ತಪ್ಪಾದ ಕಾಗದಕ್ಕೆ ಅಚ್ಚು ಹಾಕುವುದು ನಮ್ಮಲ್ಲಿ ಹೆಚ್ಚುಕಡಿಮೆ ನಿಂತೇಹೋಗಿದೆ.

ಹಾಗಾಗಿ ಮೊದಲೇ ಹೇಳಿ. ನನಗಂತೂ ಮೊದಲೇ ಗೊತ್ತಿದ್ದರೆ ಆ ಹುಡುಗನನ್ನು ಎರಡು ವರ್ಷ ಬೈಯುತ್ತಿರಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನಿಟುವಳ್ಳಿ ಹುಡುಗಿ

ನಾನು ಸ್ವಲ್ಪ ಬೇರೆ ಹೇಳುತ್ತೇನೆ ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ ಎ.ಡಿ.ಎಚ್.ಡಿ. ಇದೆ, ಅಂದರೆ ಗಮನ ಒಂದು ಕಡೆ ನಿಲ್ಲದ ತೊಂದರೆ. ಗೊತ್ತಾಗಿದ್ದು 31ನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಮನೆಯಲ್ಲೂ ಆಫೀಸಿನಲ್ಲೂ ನನಗಿದ್ದ ಹೆಸರು ಒಂದೇ, ‘ಮೈಮೇಲೆ ಜ್ಞಾನ ಇಲ್ಲ’. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಇದಕ್ಕಿಂತ ಹಿಂದಿನ ಕೆಲಸದಲ್ಲಿ ನಂಬಿಕೆಯಿಂದ ಮ್ಯಾನೇಜರ್ ಹತ್ತಿರ ಹೇಳಿಕೊಂಡೆ. ‘ಮರೆವು ಎಲ್ಲರಿಗೂ ಇರುತ್ತೆ, ಮೊಬೈಲ್ ಕಡಿಮೆ ಮಾಡು’ ಅಂದರು. ಆಮೇಲೆ ನಾನು ಏನು ತಪ್ಪು ಮಾಡಿದರೂ ಅದೇ ಕಾರಣ. ಸರಿ ಮಾಡಿದ್ದು ಯಾವುದಕ್ಕೂ ಅದು ಕಾರಣ ಆಗಲಿಲ್ಲ.

ಈಗಿನ ಕಡೆ ನಾನು ಎ.ಡಿ.ಎಚ್.ಡಿ. ಅನ್ನುವ ಹೆಸರು ಹೇಳಿಲ್ಲ. ಬೇಕಾದ್ದನ್ನು ಮಾತ್ರ ಕೇಳಿದೆ. ಫೋನಿನಲ್ಲಿ ಹೇಳಿದ ಕೆಲಸವನ್ನು ನಾನೇ ನಾಲ್ಕು ಸಾಲು ಬರೆದು ಕಳಿಸುತ್ತೇನೆ, ಸರಿ ಇದೆಯಾ ಅಂತ ನೀವು ಹೇಳಿ. ದೊಡ್ಡ ಕೆಲಸಕ್ಕೆ ಕೊನೆಯ ತಾರೀಖು ಒಂದೇ ಬೇಡ, ನಡುವೆ ಇನ್ನೆರಡು ತಾರೀಖು ಕೊಡಿ. ಎರಡಕ್ಕೂ ಒಪ್ಪಿದರು. ಯಾಕೆ ಅಂತ ಕೇಳಲೂ ಇಲ್ಲ.

ನನ್ನ ಮಟ್ಟಿಗೆ ಇನ್ನೊಂದು ತೊಂದರೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎ.ಡಿ.ಎಚ್.ಡಿ. ಅನ್ನುವ ಹೆಸರೇ ಇಲ್ಲ. ಹಾಗಾಗಿ ನನಗೆ ಕೈಯಲ್ಲಿ ಹಿಡಿದು ತೋರಿಸಲು ಅಂಗವಿಕಲರ ಕಾರ್ಡಿಲ್ಲ. ನಿಮ್ಮ ತಮ್ಮನಿಗೆ ಆ ದಾರಿ ಇದೆ. ಆದರೂ ಹೇಳುವುದಾ ಬಿಡುವುದಾ ಅನ್ನುವುದನ್ನು ಅವನೇ ತೀರ್ಮಾನಿಸಬೇಕು, ಅಲ್ವಾ? ನೀವು ಕೇಳಿದ ಪ್ರಶ್ನೆಯಲ್ಲಿ ಅವನ ಮಾತು ಎಲ್ಲೂ ಕಾಣಲಿಲ್ಲ.

ವಿದ್ಯಾನಗರದ ಅಕ್ಕ

ನಿಜ. ಕೇಳಿರಲಿಲ್ಲ. ಈಗ ಕೇಳಿದೆ. ‘ಹೇಳು. ಹೇಳದಿದ್ರೆ ಅಹಂಕಾರಿ ಅಂದುಕೊಳ್ತಾರೆ, ಅದಕ್ಕಿಂತ ಇದು ವಾಸಿ’ ಅಂದ. ನನ್ನ ಕಡೆ ನೋಡಲೂ ಇಲ್ಲ, ಕಂಪ್ಯೂಟರ್ ನೋಡುತ್ತಲೇ ಹೇಳಿದ. ನಾನು ವಾರದಿಂದ ನಿದ್ದೆಗೆಟ್ಟು ಯೋಚಿಸುತ್ತಿದ್ದ ವಿಷಯ ಅದು.

ಹಳೇ ದಾವಣಗೆರೆ

ಎಲ್ಲರ ಮೇಲೂ ಗೌರವ ಇಟ್ಟುಕೊಂಡೇ ಕೇಳುತ್ತೇನೆ. ನಾನು ಒಂದು ಆಫೀಸಿನಲ್ಲಿ 22 ವರ್ಷದಿಂದ ಇದ್ದೇನೆ. ಒಬ್ಬರಿಗೆ ಫೋನ್ ಬೇಡ, ಒಬ್ಬರಿಗೆ ಗಲಾಟೆ ಬೇಡ, ಒಬ್ಬರಿಗೆ ಬರೆದು ಕೊಡಬೇಕು ಅಂದರೆ ಆ ಫೋನನ್ನು ಯಾರೋ ಎತ್ತಲೇಬೇಕಲ್ಲ? ಅದು ಯಾವಾಗಲೂ ನನ್ನಂಥವನ ಮೇಜಿಗೇ ಬರುತ್ತದೆ. ಮಾಲೀಕರಿಗೆ ಒಳ್ಳೆಯವರು ಅನ್ನುವ ಹೆಸರು ಬರುತ್ತದೆ, ಕೆಲಸ ನಮಗೆ ಬರುತ್ತದೆ. ಪ್ರೆಸ್ಸಿನ ಸಾಹೇಬರೇ, ನಿಮ್ಮ ಹುಡುಗ ಪ್ರೂಫ್ ನೋಡುವುದಿಲ್ಲ ಅಂದಿರಿ. ಅದನ್ನು ನೋಡುವವರಿಗೆ ಏನು ಕೊಟ್ಟಿರಿ?

ಅಚ್ಚುಮೊಳೆ

ಸರ್, ಏನೂ ಕೊಟ್ಟಿರಲಿಲ್ಲ. ಹಾಗೆ ಯೋಚಿಸಿಯೇ ಇರಲಿಲ್ಲ.

ನಿನ್ನೆ ನೀವು ಬರೆದಿದ್ದನ್ನು ಓದಿ ಪ್ರೂಫ್ ನೋಡುವ ಅಮ್ಮನನ್ನು ಕೂರಿಸಿಕೊಂಡು ಮಾತಾಡಿದೆ. ‘ಮಗು ಸ್ಕೂಲಿಂದ ಬರೋ ಹೊತ್ತಿಗೆ ನನ್ನ ಬಿಟ್ಟರೆ ಸಾಕು, ಪ್ರೂಫ್ ಎಷ್ಟಾದ್ರೂ ನೋಡ್ತೀನಿ’ ಅಂದರು. ಇನ್ನು ಮುಂದೆ ಅವರು ನಾಲ್ಕೂವರೆಗೆ ಹೊರಡುತ್ತಾರೆ, ಸಂಬಳ ಹಿಡಿಯುವುದಿಲ್ಲ. ನೀವು ಕೇಳದಿದ್ದರೆ ಇದು ಆಗುತ್ತಿರಲಿಲ್ಲ. ಒಬ್ಬರಿಗೆ ಅನುಕೂಲ ಮಾಡಿದರೆ ಅದರ ಭಾರ ಯಾರ ಮೇಲೆ ಬೀಳುತ್ತದೆ ಅಂತ ನೋಡುವುದೂ ಮಾಲೀಕನ ಕೆಲಸವೇ. ಅದನ್ನು ನೋಡದೆ ಬಿಟ್ಟರೆ ಪಕ್ಕದ ಮೇಜಿನವರು ಆ ಹುಡುಗನ ಮೇಲೆಯೇ ಸಿಟ್ಟಾಗುತ್ತಾರೆ.

ಕೋಟೆ ಕಡೆಯವನು

ನಾನು ಚಿತ್ರದುರ್ಗ. ನನಗೆ ಆಟಿಸಂ ಇದೆ. ವಯಸ್ಸು 34. ಇಲ್ಲಿ ಗುಡ್ಡದ ಮೇಲಿರುವ ವಿಂಡ್‌ಮಿಲ್‌ಗಳ ದಾಖಲೆ ಇಡುವ ಕೆಲಸ. ಯಾವ ಯಂತ್ರ ಎಷ್ಟು ಹೊತ್ತಿಗೆ ನಿಂತಿತು, ಯಾಕೆ, ಮತ್ತೆ ಯಾವಾಗ ತಿರುಗಿತು ಅಂತ ಬರೆಯುತ್ತೇನೆ.

ಮೊದಲು ಒಂದು ವಿನಂತಿ. ಆಟಿಸಂ ಇರುವವರೆಲ್ಲ ಲೆಕ್ಕದಲ್ಲಿ ಪಂಟರು ಅಂತ ಯಾರೂ ಬರೆಯಬೇಡಿ. ನನಗೆ ಲೆಕ್ಕ ಅಷ್ಟಕ್ಕಷ್ಟೇ. ಅದ್ಭುತವಾಗಿ ಏನನ್ನಾದರೂ ಮಾಡಿ ತೋರಿಸಿದರೆ ಮಾತ್ರ ನಮಗೊಂದು ಕುರ್ಚಿ ಅಂತ ಆಗಬಾರದು. ಸಾಧಾರಣವಾಗಿ ಕೆಲಸ ಮಾಡುವ ಎಷ್ಟೋ ಜನ ಎಲ್ಲ ಆಫೀಸುಗಳಲ್ಲೂ ಇದ್ದಾರೆ. ನಾನೂ ಅಂಥವನೇ.

ಸಂದರ್ಶನದ ಬಗ್ಗೆ ಹೇಳುತ್ತೇನೆ. ನಾನು ಏಳು ಸಂದರ್ಶನಗಳಲ್ಲಿ ಹೊರಗೆ ಬಿದ್ದಿದ್ದೇನೆ. ‘ನಿಮ್ಮ ಬಗ್ಗೆ ಹೇಳಿ’ ಅನ್ನುವುದು ಮೊದಲ ಪ್ರಶ್ನೆ. ಎಲ್ಲಿಂದ ಹೇಳಬೇಕು? ಹುಟ್ಟಿದ್ದರಿಂದಲಾ? ನಾನು ಯೋಚಿಸುವಷ್ಟರಲ್ಲಿ ಅವರು ಮುಂದಿನ ಪ್ರಶ್ನೆಗೆ ಹೋಗಿರುತ್ತಿದ್ದರು. ಕಣ್ಣಿನಲ್ಲಿ ಕಣ್ಣಿಟ್ಟು ಮಾತಾಡದಿದ್ದರೆ ಸುಳ್ಳುಗಾರ ಅಂದುಕೊಳ್ಳುತ್ತಾರೆ. ಕಣ್ಣು ನೋಡಿದರೆ ನನಗೆ ಮಾತು ಬರುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಮೇಲಿನಿಂದ ಟ್ಯೂಬ್‌ಲೈಟಿನ ಚೋಕ್ ಗುಂಯ್ ಅನ್ನುತ್ತಿರುತ್ತದೆ. ಅದು ಬೇರೆಯವರಿಗೆ ಕೇಳಿಸುವುದೇ ಇಲ್ಲವಂತೆ. ನನಗೆ ಅದೊಂದೇ ಕೇಳಿಸುತ್ತದೆ.

ಎಂಟನೆಯ ಕಡೆ ಒಬ್ಬ ಎಂಜಿನಿಯರ್ ಪ್ರಶ್ನೆ ಕೇಳಲಿಲ್ಲ. ಒಂದು ತಿಂಗಳ ಹಳೆಯ ದಾಖಲೆ ಕೊಟ್ಟು ‘ಇದರಲ್ಲಿ ಏನು ತಪ್ಪಿದೆ ನೋಡಿ, ಮಧ್ಯಾಹ್ನ ಬರ್ತೀನಿ’ ಅಂದರು. ಮಧ್ಯಾಹ್ನ ಬಂದರು. ಕೆಲಸ ಸಿಕ್ಕಿತು.

ಅಕ್ಕ, ಔಷಧಿ ಅಂಗಡಿಯವರಿಗೆ ಇದನ್ನೇ ಹೇಳಿ. ಮಾತಾಡಿಸಿ ನೋಡಬೇಡಿ, ಕೆಲಸ ಕೊಟ್ಟು ನೋಡಿ.

ನಿಟುವಳ್ಳಿ ಹುಡುಗಿ

‘ಮಧ್ಯಾಹ್ನ ಬರ್ತೀನಿ ಅಂದರು, ಮಧ್ಯಾಹ್ನ ಬಂದರು.’ ಈ ಸಾಲು ಓದಿ ಅಳು ಬಂತು ಅಣ್ಣ.

ವಿದ್ಯಾನಗರದ ಅಕ್ಕ

ನನಗೂ. ಯಾಕೆ ಅಂದರೆ ನಮ್ಮ ಮಾತೇ ಹಾಗಲ್ಲವಾ? ಹೊರಡುವಾಗ ನಾವು ಹೋಗುತ್ತೇನೆ ಅನ್ನುವುದಿಲ್ಲ, ಬರ್ತೀನಿ ಅನ್ನುತ್ತೇವೆ. ಚಿಕ್ಕವನಿದ್ದಾಗ ನೆಂಟರು ಬರ್ತೀನಿ ಅಂದು ಹೊರಟರೆ ತಮ್ಮ ಗೇಟಿನ ಹತ್ತಿರ ಕತ್ತಲಾಗುವವರೆಗೆ ನಿಂತಿರುತ್ತಿದ್ದ. ಈಗ ಅದು ಅವನಿಗೆ ಗೊತ್ತು. ಆದರೆ ಕೆಲಸದ ಜಾಗದಲ್ಲಿ ಇಂಥವು ನೂರು ಇವೆ. ‘ನೋಡೋಣ’ ಅಂದರೆ ಹತ್ತರಲ್ಲಿ ಎಂಟು ಸಲ ಇಲ್ಲ ಅಂತ ಅರ್ಥ. ‘ಆಮೇಲೆ ಬಾ’ ಅಂದರೆ ಬರಬೇಡ. ‘ಆರಾಮಾಗಿ ಮಾಡು’ ಅಂದರೆ ಕೆಲವು ಸಲ ನಿಧಾನಕ್ಕೆ ಮಾಡು ಅಂತ, ಕೆಲವು ಸಲ ಯಾಕಿಷ್ಟು ನಿಧಾನ ಅಂತ. ‘ಊಟ ಆಯ್ತಾ’ ಅನ್ನುವುದು ಪ್ರಶ್ನೆಯೇ ಅಲ್ಲ. ಹೊಸ ಮ್ಯಾನೇಜರ್ ಹತ್ತಿರ ಇವನು ದೀಪಾವಳಿಗೆ ಎರಡು ದಿನ ರಜೆ ಕೇಳಿದ್ದ. ನೋಡೋಣ ಅಂದರು. ಇವನು ಮೂರು ದಿನ, ದಿನಕ್ಕೆ ಎರಡು ಸಲ ‘ನೋಡಿದ್ರಾ’ ಅಂತ ಕೇಳಿದ. ಅವರಿಗೆ ಅದು ಕಾಟ. ಇವನಿಗೆ ಅದು ಅವರೇ ಕೊಟ್ಟ ಮಾತು.

ಇಲ್ಲ ಅನ್ನಲು ನಮಗೆ ಸಂಕೋಚ. ಎದುರಿನವರ ಮನಸ್ಸು ನೋಯಬಾರದು ಅಂತ ಹಾಗೆ ಮಾತಾಡುತ್ತೇವೆ. ಆ ಸಂಕೋಚಕ್ಕೆ ಯಾರು ಬೆಲೆ ತೆರುತ್ತಾರೆ ಅಂತ ನಮ್ಮ ಮನೆಯಲ್ಲಿ ನೋಡಿದ್ದೇನೆ.

ಗಿರಣಿ ಮನೆ ಮಗ

ಅಕ್ಕಾ, ನಮ್ಮ ದೊಡ್ಡಪ್ಪ ಕಾಟನ್ ಮಿಲ್ಲಿನಲ್ಲಿದ್ದರು. ಅವರಿಗೂ ಹೀಗೇ ಏನೋ ಇತ್ತು ಅಂತ ಈಗ ಅನಿಸುತ್ತದೆ. ಆಗ ಯಾರು ತೋರಿಸುತ್ತಿದ್ದರು? ಮಾತು ಕಡಿಮೆ. ಒಂದೇ ತಟ್ಟೆ, ಒಂದೇ ಜಾಗ, ಒಂದೇ ದಾರಿ. ಮಿಲ್ಲಿನ ಒಳಗೆ ಕಿವಿ ಹರಿಯುವಷ್ಟು ಸದ್ದು, ಆದರೆ ಅವರಿಗೆ ಅದು ತೊಂದರೆ ಆಗಲಿಲ್ಲ. ಯಾಕೆ ಅಂದರೆ ದಿನಾ ಅದೇ ಸದ್ದು. ಭೋಂಗಾ ಕೂಗಿದರೆ ಒಳಗೆ, ಕೂಗಿದರೆ ಹೊರಗೆ. ಏನು ಮಾಡಬೇಕು ಅಂತ ಯಾರೂ ಸುತ್ತಿ ಬಳಸಿ ಹೇಳುತ್ತಿರಲಿಲ್ಲ.

ಗಿರಣಿಗಳು ಮುಚ್ಚಿದ ಮೇಲೆ ಅವರ ಜೊತೆಯವರು ಅಂಗಡಿ, ಆಟೋ, ಮಂಡಕ್ಕಿ ಭಟ್ಟಿ ಅಂತ ಏನೇನೋ ಮಾಡಿಕೊಂಡರು. ದೊಡ್ಡಪ್ಪ ಎಲ್ಲೂ ನಿಲ್ಲಲಿಲ್ಲ. ಭೋಂಗಾದ ಹೊತ್ತಿಗೆ ಎದ್ದು, ಸ್ನಾನ ಮಾಡಿ, ಬುತ್ತಿ ಕಟ್ಟಿಸಿಕೊಂಡು ಜಗುಲಿ ಮೇಲೆ ಕೂರುತ್ತಿದ್ದರು. ಕೊನೆಯವರೆಗೂ. ನಮಗೆ ಆಗ ನಗು ಬರುತ್ತಿತ್ತು. ಇವತ್ತು ಇದನ್ನು ಬರೆಯುವಾಗ ನಾಚಿಕೆ ಆಗುತ್ತಿದೆ.

ವಿಶೇಷ ಶಿಕ್ಷಕಿ

ನಾನು ಹದಿನೈದು ವರ್ಷದಿಂದ ವಿಶೇಷ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದೇನೆ. ಕಾನೂನಿನ ವಿಷಯ ಬಂದಿದ್ದರಿಂದ ಗೊತ್ತಿದ್ದನ್ನು ಹೇಳುತ್ತೇನೆ.

1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆ ಮಾತ್ರ ಇದ್ದವು. ಆಟಿಸಂ ಅದರಲ್ಲಿ ಇರಲಿಲ್ಲ. 2016ರ ಕಾಯ್ದೆಯಲ್ಲಿ ಅದು 21 ಆಯಿತು. ಆಟಿಸಂ ಸೇರಿತು, ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆಗಳೂ ಸೇರಿದವು. ಸರ್ಕಾರಿ ಕೆಲಸದಲ್ಲಿ ಮೀಸಲಾತಿ 3ರಿಂದ 4 ಪರ್ಸೆಂಟಿಗೆ ಏರಿತು. ಆ ನಾಲ್ಕರಲ್ಲಿ ಒಂದು ಪರ್ಸೆಂಟ್ ಆಟಿಸಂ, ಬುದ್ಧಿಮಾಂದ್ಯತೆ, ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ, ಬಹು ವೈಕಲ್ಯ ಇವಕ್ಕೆಲ್ಲ ಸೇರಿ. ಅದಕ್ಕೆ ಕನಿಷ್ಠ 40 ಪರ್ಸೆಂಟ್ ವೈಕಲ್ಯ ಅಂತ ಪ್ರಮಾಣಪತ್ರ ಬೇಕು. ಅಕ್ಕ, ತಮ್ಮನ ಯು.ಡಿ.ಐ.ಡಿ. ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಆಗಿಲ್ಲದಿದ್ದರೆ ಅರ್ಜಿ ಹಾಕಿ. ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಿ.ಆರ್.ಸಿ. (ಅಂಗವಿಕಲರ ಪುನರ್ವಸತಿ ಕೇಂದ್ರ) ಇದೆ. ಅಲ್ಲಿ ವಿಚಾರಿಸಿ.

ಕೆಲಸದ ಜಾಗದಲ್ಲಿ ಬೇಕಾದ ಬದಲಾವಣೆಗೆ ಕಾಯ್ದೆಯಲ್ಲಿ ‘ರೀಸನಬಲ್ ಅಕಾಮಡೇಷನ್’ ಅನ್ನುತ್ತಾರೆ. ಸೂಕ್ತ ಹೊಂದಾಣಿಕೆ ಅನ್ನಬಹುದು. ಕೊಡುವವರ ಮೇಲೆ ಅತಿಯಾದ ಹೊರೆ ಬೀಳಬಾರದು, ಆದರೆ ಬೇಕಾದ್ದು ಸಿಗಬೇಕು. ಇದು ದಯೆ ಅಲ್ಲ, ಸಮಾನತೆಯದೇ ಒಂದು ಭಾಗ. 2021ರಲ್ಲಿ ವಿಕಾಸ್ ಕುಮಾರ್ ಅನ್ನುವವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಅವರಿಗೆ ಕೈಯಲ್ಲಿ ಬರೆಯುವುದು ಕಷ್ಟ. ಯು.ಪಿ.ಎಸ್.ಸಿ. ಪರೀಕ್ಷೆಗೆ ಬರೆದುಕೊಡುವವರು ಬೇಕು ಅಂತ ಕೇಳಿದ್ದರು. 40 ಪರ್ಸೆಂಟ್ ಇಲ್ಲದಿದ್ದರೂ ಕೊಡಬೇಕು ಅಂತ ತೀರ್ಪು ಬಂತು. ನಿಟುವಳ್ಳಿಯವರೇ, ಕಾರ್ಡ್ ಇಲ್ಲದವರಿಗೆ ಈ ತೀರ್ಪಿನಿಂದ ಸ್ವಲ್ಪ ಧೈರ್ಯ ಬರಬೇಕು.

ಖಾಸಗಿಯವರ ಮಟ್ಟಿಗೆ ಕಾನೂನಿನ ಹಿಡಿತ ಕಡಿಮೆ. ಸಮಾನ ಅವಕಾಶದ ನೀತಿ ಎಲ್ಲ ಸಂಸ್ಥೆಗಳೂ ಬರೆದಿಡಬೇಕು. 20ಕ್ಕಿಂತ ಕಡಿಮೆ ಜನ ಇರುವ ಕಡೆ ಅದು ಇನ್ನೂ ಸರಳ. ಎಂಟು ಜನರ ಅಂಗಡಿಯಲ್ಲಿ ಅದನ್ನು ಯಾರು ಕೇಳುತ್ತಾರೆ ಹೇಳಿ. ಹಾಗಾಗಿ ಮಾತಾಡಿಯೇ ಗೆಲ್ಲಬೇಕು.

ದೊಡ್ಡ ಕಂಪನಿಗಳು ಇದನ್ನು ಎಷ್ಟೋ ವರ್ಷದಿಂದ ಮಾಡುತ್ತಿವೆ. ಸ್ಯಾಪ್ ಅನ್ನುವ ಸಾಫ್ಟ್‌ವೇರ್ ಕಂಪನಿ 2013ರಲ್ಲೇ ಆಟಿಸಂ ಇರುವವರಿಗೆ ಅಂತ ನೇಮಕಾತಿ ಶುರುಮಾಡಿತು. ಅಷ್ಟು ದೂರ ಯಾಕೆ, ಮಿಟ್ಟಿ ಕೆಫೆ 2017ರಲ್ಲಿ ಶುರುವಾಗಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಅಲ್ಲಿ ಅಡುಗೆ ಮಾಡುವವರು, ಕೌಂಟರಿನಲ್ಲಿ ನಿಲ್ಲುವವರು ಅಂಗವಿಕಲರೇ. ಇವತ್ತು ಸುಪ್ರೀಂ ಕೋರ್ಟಿನ ಆವರಣದಲ್ಲೂ ಅವರ ಅಂಗಡಿ ಇದೆ.

ಕೊನೆಗೆ ಒಂದು ಮಾತು ಕೇಳಲೇಬೇಕು ಅಕ್ಕ. ಆ ದಲಾಲಿ ಅಂಗಡಿಯಲ್ಲಿ ತಮ್ಮನಿಗೆ ಸಂಬಳ ಎಷ್ಟಿತ್ತು? ಅದೇ ಕೆಲಸ ಮಾಡುವ ಬೇರೆಯವರಿಗೆ ಎಷ್ಟಿತ್ತು?

ವಿದ್ಯಾನಗರದ ಅಕ್ಕ

ಈ ಪ್ರಶ್ನೆಗೆ ಉತ್ತರ ಬರೆಯಲು ಎರಡು ದಿನ ಬೇಕಾಯ್ತು ಮೇಡಂ.

ಇವನಿಗೆ 9 ಸಾವಿರ. ಪಕ್ಕದ ಮೇಜಿನವನಿಗೆ 14 ಸಾವಿರ. ನಮಗೆ ಗೊತ್ತಿತ್ತು. ಅಪ್ಪ, ಅಮ್ಮ, ನಾನು, ಯಾರೂ ಬಾಯಿ ಬಿಡಲಿಲ್ಲ. ಇಟ್ಟುಕೊಂಡಿದ್ದಾರಲ್ಲ, ಅದೇ ದೊಡ್ಡದು ಅಂದುಕೊಂಡೆವು. ಆ ಗುಮಾಸ್ತರ ಮೇಲೆ ನನಗೆ ಈಗಲೂ ಬೆಟ್ಟದಷ್ಟು ಗೌರವ ಇದೆ. ಆದರೆ ಯೋಚಿಸಿದರೆ, ಅವರು ಮಾಡಿದ್ದೆಲ್ಲ ಅವರ ತಲೆಯಲ್ಲಿ ಮಾತ್ರ ಇತ್ತು. ಎಲ್ಲೂ ಬರೆದಿರಲಿಲ್ಲ. ಅದು ಕೆಲಸದ ಪದ್ಧತಿ ಅಂತ ಯಾರಿಗೂ ಅನಿಸಲಿಲ್ಲ, ಹಿರಿಯರೊಬ್ಬರ ಕರುಣೆ ಅಂತ ಅನಿಸಿತು. ಕರುಣೆಗೆ ಸಂಬಳ ಕೇಳುವುದು ಹೇಗೆ? ಅವರು ಹೋದರು, ತಂತಿಯೂ ಹೋಯಿತು.

ಈ ಸಲ ಬರೆದುಕೊಂಡೇ ಹೋಗುತ್ತೇವೆ.

ಹಳೇ ದಾವಣಗೆರೆ

ತಂಗಿ, ಬರೆಯುವಾಗ ನನ್ನ ಮಾತನ್ನೂ ಸೇರಿಸಿ. ತಮ್ಮನಿಗೆ ಏನು ಬೇಡ ಅನ್ನುವುದರ ಪಕ್ಕದಲ್ಲೇ, ಅದರ ಬದಲಿಗೆ ಅವನು ಏನು ಮಾಡುತ್ತಾನೆ ಅಂತ ಬರೆಯಿರಿ. ಫೋನ್ ಎತ್ತುವುದಿಲ್ಲ, ಆದರೆ ಫೋನ್ ಎತ್ತುವವರ ಫೈಲಿಂಗ್ ಕೆಲಸ ನಾನು ಮಾಡುತ್ತೇನೆ ಅಂತ. ಹಾಗಿದ್ದರೆ ನನ್ನಂಥವರು ಗೊಣಗುವುದಿಲ್ಲ. ನಿಜ ಹೇಳುತ್ತೇನೆ, ನನಗೆ ಫೈಲಿಂಗ್ ಅಂದರೆ ಆಗುವುದಿಲ್ಲ.

ಕೋಟೆ ಕಡೆಯವನು

ಒಂದೇ ಹಾಳೆ ಇರಲಿ. ಎರಡನೇ ಹಾಳೆ ಯಾರೂ ಓದುವುದಿಲ್ಲ. ‘ಗಲಾಟೆ ಅಂದರೆ ಆಗುವುದಿಲ್ಲ’ ಅಂತಷ್ಟೇ ಬರೆಯಬೇಡಿ. ಯಾವ ಗಲಾಟೆ, ಆದಾಗ ಏನು ಮಾಡಬೇಕು, ಎಷ್ಟು ನಿಮಿಷ ಅಂತ ಬರೆಯಿರಿ. ನನಗೆ ಹತ್ತು ನಿಮಿಷ ಸಾಕು. ಅವನಿಗೆ ಎಷ್ಟು ಬೇಕು ಅಂತ ಅವನನ್ನೇ ಕೇಳಿ.

ವಿದ್ಯಾನಗರದ ಅಕ್ಕ

ಹೋಗಿ ಬಂದೆವು. ಎಲ್ಲ ಬರೆಯುತ್ತೇನೆ, ನೀವೆಲ್ಲ ಕಾಯುತ್ತಿದ್ದೀರಿ ಅಂತ ಗೊತ್ತು.

ಹಾಳೆಯನ್ನು ನಾನು ಬರೆಯಲು ಕೂತೆ. ತಮ್ಮ ಪೆನ್ನು ಕಿತ್ತುಕೊಂಡ. ಅವನೇ ಬರೆದ. ಕೆಲಸ ಹೇಳುವುದನ್ನು ಬರೆದು ಕೊಡಿ, ಇಲ್ಲವೇ ವಾಟ್ಸಾಪ್ ಮಾಡಿ. ಒಂದು ಮುಗಿದ ಮೇಲೆ ಇನ್ನೊಂದು ಕೊಡಿ. ಅರ್ಜೆಂಟ್ ಇದ್ದರೆ ಮೇಲೆ ಅರ್ಜೆಂಟ್ ಅಂತ ಬರೆಯಿರಿ, ಎಲ್ಲದರ ಮೇಲೂ ಬರೆಯಬೇಡಿ. ಲೋಡ್ ಇಳಿಸುವಾಗ ಸದ್ದು ಜಾಸ್ತಿಯಾದರೆ ನಾನು ಹೊರಗೆ ಹೋಗುತ್ತೇನೆ, 15 ನಿಮಿಷಕ್ಕೆ ಬರುತ್ತೇನೆ. ಫೋನ್ ಎತ್ತುವುದಿಲ್ಲ, ಬದಲಿಗೆ ಬಿಲ್ ಫೈಲಿಂಗ್ ಮಾಡುತ್ತೇನೆ (ಇದು ಹಳೇ ದಾವಣಗೆರೆ ಅಣ್ಣನವರದ್ದು). ನಾನು ಮುಖ ನೋಡದಿದ್ದರೂ ಕೇಳಿಸಿಕೊಳ್ಳುತ್ತಿರುತ್ತೇನೆ. ಕೊನೆಯ ಸಾಲು ನನಗೆ ತೋರಿಸದೆ ಬರೆದಿದ್ದ: ‘ನೋಡೋಣ ಅನ್ನಬೇಡಿ. ಹೌದು ಅಥವಾ ಇಲ್ಲ ಅನ್ನಿ. ಇಲ್ಲ ಅಂದರೆ ನನಗೆ ಬೇಸರ ಆಗುವುದಿಲ್ಲ.’

ಮಾಲೀಕರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಸಂದರ್ಶನ ಬೇಡ, ಕೆಲಸ ಕೊಟ್ಟು ನೋಡಿ ಅಂದೆ. ಒಂದು ಕಪಾಟು ತೋರಿಸಿದರು. ಬ್ಯಾಚ್ ನಂಬರ್, ಎಕ್ಸ್‌ಪೈರಿ ತಾರೀಖು ನೋಡಿ, ಮೂರು ತಿಂಗಳೊಳಗೆ ಮುಗಿಯುವವನ್ನೆಲ್ಲ ಬೇರೆ ತೆಗೆಯಬೇಕು. ತಮ್ಮ ಎರಡು ಗಂಟೆ ಮಾಡಿದ. ನಿಧಾನವೇ. ಅದನ್ನು ಮುಚ್ಚಿಡುವುದಿಲ್ಲ, ಅಲ್ಲಿನ ಹುಡುಗ ಒಂದು ಗಂಟೆಯಲ್ಲಿ ಮಾಡುತ್ತಾನಂತೆ. ಆದರೆ ಆ ಹುಡುಗ ಹೋದ ವಾರವೇ ನೋಡಿ ಮುಗಿಸಿದ್ದ ಕಪಾಟು ಅದು. ಇವನಿಗೆ ಅದರಲ್ಲಿ ಮತ್ತೆ ಆರು ಡಬ್ಬಿ ಸಿಕ್ಕವು.

ಸಂಬಳದ ಮಾತು ನಾನೇ ಎತ್ತಿದೆ. ಅಪ್ಪ ಕಣ್ಸನ್ನೆ ಮಾಡಿದರು, ಬಿಡಲಿಲ್ಲ. ಮೂರು ತಿಂಗಳು 11 ಸಾವಿರ, ಆಮೇಲೆ ಬೇರೆಯವರಿಗೆ ಎಷ್ಟೋ ಅಷ್ಟೇ ಅಂದರು. ಬರೆದು ಕೊಡಿ ಅಂದೆ. ಒಂದು ಕ್ಷಣ ಸುಮ್ಮನಾದರು. ಬರೆದು ಕೊಟ್ಟರು. ಫೋನಿನ ವಿಷಯಕ್ಕೆ ಮಾತ್ರ ಪೂರ್ತಿ ಒಪ್ಪಲಿಲ್ಲ. ಮಧ್ಯಾಹ್ನ ಒಬ್ಬನೇ ಇದ್ದಾಗ ಫೋನ್ ಬಂದರೆ ಎತ್ತಲೇಬೇಕು ಅಂದರು. ತಮ್ಮ ಯೋಚಿಸಿ, ಎತ್ತಿ ಏನು ಹೇಳಬೇಕು ಅಂತ ಬರೆದು ಕೊಟ್ಟರೆ ಆಗುತ್ತದೆ ಅಂದ. ‘ಮೂರು ಗಂಟೆಗೆ ಫೋನ್ ಮಾಡಿ’ ಅಂತ ಒಂದು ಚೀಟಿಯಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿದರು. ‘ನಾನು ಊರಲ್ಲಿ ಇಲ್ಲದಿದ್ದಾಗ ಅಂಗಡಿ ನೋಡಿಕೊಳ್ಳೋನು ನನ್ನ ಮಗ, ಅವನಿಗೂ ಇದು ಗೊತ್ತಿರಲಿ’ ಅಂತ ತಮ್ಮನ ಹಾಳೆಯನ್ನು ಜೆರಾಕ್ಸ್ ಮಾಡಿಸಿ ಕಪಾಟಿನ ಬಾಗಿಲ ಒಳಗೆ ಅಂಟಿಸಿದರು. ಗುಮಾಸ್ತರ ತಂತಿ ಮತ್ತೆ ಕಂಡ ಹಾಗಾಯಿತು ನನಗೆ.

ಹೊರಡುವಾಗ ಮಾಲೀಕರು ‘ಸೋಮವಾರ 9.45ಕ್ಕೆ ಬಾರಪ್ಪ’ ಅಂದರು. ತಮ್ಮ ನಿಂತ. ‘9.45ಕ್ಕೆ ಬಾಗಿಲ ಹತ್ತಿರನಾ, ಕುರ್ಚಿ ಮೇಲಾ?’ ಅಂತ ಕೇಳಿದ. ನನ್ನ ಎದೆ ಧಸಕ್ಕಂತು. ಅವರು ಗಡಿಯಾರ ನೋಡಿದರು, ಬಾಗಿಲು ನೋಡಿದರು.

‘ಕುರ್ಚಿ ಮೇಲೆ’ ಅಂದರು.